ಕೋಪರ್ನಿಕಸ್ ಬ್ರೌಸರ್: ದಡಕ್ಕೆ 4 ಸ್ಟಾರ್, ಸಮುದ್ರಕ್ಕೆ 2

ಕಡಲಡಿ ಹಳೇ ಹಡಗೋ ಕಟ್ಟೆಯೋ ಎಂತಾದ್ರೂ ಕಾಣ್ತದಾ ನೋಡುವ ಅಂತ ಎರಡು ತಿಂಗಳಿಂದ ಉಪಗ್ರಹ ಚಿತ್ರ ನೋಡುವ ಈ ವೆಬ್‌ಸೈಟ್ ಹಿಡ್ಕೊಂಡು ಕೂತಿದ್ದೇನೆ. ಒಂದು ಪೈಸೆ ಖರ್ಚಿಲ್ಲ, ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು, ನಮ್ಮ ಕಾಸರಗೋಡಿನದ್ದು ಸುಮಾರು 5 ದಿನಕ್ಕೊಮ್ಮೆ ಹೊಸದು ಬರ್ತದೆ.

ಆದ್ರೆ ಚಿತ್ರದ ಒಂದು ಚುಕ್ಕಿ ಅಂದ್ರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ. ಬೇಕಲ ಕೋಟೆ 40 ಎಕರೆ, ಲೆಕ್ಕ ಹಾಕಿದ್ರೆ 1600 ಚುಕ್ಕಿ ಆಯ್ತು, ಚೆಂದ ಕಾಣ್ತದೆ. 20 ಮೀಟರಿನ ಹಾಯಿಹಡಗು ಎರಡೇ ಚುಕ್ಕಿ, ಅದೂ ನೀರಿನಡಿ!

ಫೆಬ್ರವರಿಯ ಒಂದು ಚಿತ್ರದಲ್ಲಿ ಬೇಕಲದ ಎದುರು ನೆಟ್ಟಗೆ ಬಿಳಿ ಗೆರೆ ಕಂಡಿತು, ಗೋಡೆಯೇ ಅಂತ ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ ಫೋನ್ ಮಾಡಿ ಎಬ್ಬಿಸಿದೆ, ಮುಂದಿನ ಚಿತ್ರ ತೆಗ್ದು ನೋಡಿದ್ರೆ ಗೆರೆಯೂ ಇಲ್ಲ ಗೋಡೆಯೂ ಇಲ್ಲ. ಬೋಟು ಹೋದ ಗೆರೆ ಮಾರಾಯ್ರೇ. ಈಗ ಊಟಕ್ಕೆ ಕೂತಾಗೆಲ್ಲ "ಎಂತ, ದ್ವಾರಕೆ ಸಿಕ್ಕಿತಾ?" ಅಂತ ಕೇಳ್ತಾನೆ. ದ್ವಾರಕೆಯಲ್ಲಾದ್ರೂ 1980ರ ದಶಕದಲ್ಲಿ ನಮ್ಮ ಕನ್ನಡದವರೇ ಆದ ಪುರಾತತ್ವಜ್ಞ ಎಸ್.ಆರ್. ರಾವ್ ಅವರ ತಂಡ ನೀರಿಗೆ ಇಳಿದೇ ಕಲ್ಲಿನ ಲಂಗರು ನೋಡಿದ್ದು, ಕುರ್ಚಿಯಲ್ಲಿ ಕೂತಲ್ಲ.

ಹಾಗಂತ ಪ್ರಯೋಜನ ಇಲ್ಲ ಅಂತಲ್ಲ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಚಿತ್ರ ಹಾಕಿದ್ರೆ ನೀರು ಪೂರ್ತಿ ಕಪ್ಪು, ದಡ ಕತ್ತರಿಸಿದ ಹಾಗೆ ಕಾಣ್ತದೆ, ಚಂದ್ರಗಿರಿಯ ಅಳಿವೆಯನ್ನು ವರ್ಷ ವರ್ಷ ಇಟ್ಟು ಹೋಲಿಸ್ಬಹುದು. ಅಳಿವೆ ಜಾಗ ಬದಲಿಸ್ತದೆ, ಹಳೇ ಬಂದರು ಹುಡುಕುವವರು ಮೊದ್ಲು ನೋಡ್ಬೇಕಾದ್ದು ಅದನ್ನೇ. ಹಿಂದಿನದ್ದು ಬೇಕಾದ್ರೆ 1972ರಿಂದ ಶುರುವಾದ, ಅಮೆರಿಕದವರ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರ ಉಂಟು, ಮಸುಕು, ಆದ್ರೂ ಉಂಟು.

ನನಗೆ ತುಂಬಾ ಖುಷಿ ಕೊಟ್ಟದ್ದು ಕೆಸರಿನ ವಿಷಯ. ಕೆಸರು ನೀರಲ್ಲಿ ಎಂತ ಕಾಣ್ಲಿಕ್ಕುಂಟು ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಬೆಲ್ಜಿಯಂನ ಝೀಬ್ರೂಗ ಬಂದರಿನ ಹತ್ರ ಮುಳುಗಿದ ಹಡಗುಗಳಿಗೆ ಭರತ ಇಳಿತದ ನೀರು ತಾಗಿ ಕೆಸರು ಮೇಲೆದ್ದು ಬಾಲದ ಹಾಗೆ ಹೋಗುವುದು ಲ್ಯಾಂಡ್‌ಸ್ಯಾಟ್ 8ರಲ್ಲಿ ಸಿಕ್ಕಿದೆ, ಕೆಲವು ಬಾಲ 4 ಕಿಲೋಮೀಟರ್ ಉದ್ದ. ಹಡಗು ಕಾಣೂದಿಲ್ಲ, ಬಾಲ ಕಾಣ್ತದೆ. ಆಮೇಲೆ ಅಲ್ಲಿಗೆ ಬೋಟಲ್ಲಿ ಹೋಗಿ ಸೈಡ್ ಸ್ಕ್ಯಾನ್ ಸೋನಾರ್ ಎಳೀಬೇಕು, ಅದು ಶಬ್ದ ಬಿಟ್ಟು ನೋಡುವ ಕಾರಣ ಕೆಸರಿದ್ರೂ ತೊಂದ್ರೆ ಇಲ್ಲ.

ಫೋನಲ್ಲಿ ಬೇಡ, ಲ್ಯಾಪ್‌ಟಾಪೇ ಬೇಕು. ಮೋಡದ ಪರ್ಸೆಂಟ್ 20ಕ್ಕೆ ಇಳಿಸಿ ಇಡಿ, ಇಲ್ಲದಿದ್ರೆ ಜೂನಿಂದ ಸೆಪ್ಟೆಂಬರ್‌ವರೆಗೆ ಬರೀ ಹಾಸಿಗೆಯ ಹತ್ತಿ.