ಓಪನ್‌ರಾಕೆಟ್: ಮೊದಲ ಸ್ವಂತ ವಿನ್ಯಾಸಕ್ಕೆ ಎಷ್ಟು ನಂಬಬಹುದು?

ಕಿಟ್ ತಂದು, ಕೈಪಿಡಿಯಲ್ಲಿ ಹೇಳಿದಂತೆ ಅಂಟಿಸಿ ಹಾರಿಸುವ ಮಾದರಿ ರಾಕೆಟ್ ನೆಟ್ಟಗೆ ಏರುತ್ತದೆಯೋ ಇಲ್ಲವೋ ಎಂಬ ಚಿಂತೆಯನ್ನು ಕಿಟ್ ತಯಾರಿಸಿದವರು ಮೊದಲೇ ಪಟ್ಟಿರುತ್ತಾರೆ. ಸ್ವಂತ ವಿನ್ಯಾಸಕ್ಕೆ ಕೈ ಹಾಕಿದ ದಿನದಿಂದ ಆ ಚಿಂತೆ ನಮ್ಮ ಹೆಗಲಿಗೇರುತ್ತದೆ. ಕೆಲವು ಕಿಟ್‌ಗಳನ್ನು ಹಾರಿಸಿದ ಮೇಲೆ ನಾನು 66 ಮಿ.ಮೀ. ವ್ಯಾಸದ, 1.2 ಮೀಟರ್ ಉದ್ದದ, 29 ಮಿ.ಮೀ. ಮೋಟರ್ ಹಿಡಿಸುವ ಮಧ್ಯಮ ಶಕ್ತಿಯ ರಾಕೆಟ್ಟೊಂದನ್ನು ಮೊದಲ ಗೆರೆಯಿಂದಲೇ ನಾನೇ ರೂಪಿಸಲು ಹೊರಟಾಗ, ಆ ಹೊರೆಯ ಬಹುಪಾಲನ್ನು ಹೊತ್ತದ್ದು ಓಪನ್‌ರಾಕೆಟ್ ಎಂಬ, ರಾಕೆಟ್ಟನ್ನು ಪರದೆಯ ಮೇಲೆ ರೂಪಿಸಿ ಅದರ ಹಾರಾಟವನ್ನು ಮೊದಲೇ ಲೆಕ್ಕ ಹಾಕಿ ತೋರಿಸುವ ಉಚಿತ ತಂತ್ರಾಂಶ. ವಿನ್ಯಾಸದಿಂದ ಮೊದಲ ಹಾರಾಟದವರೆಗೆ ಅದನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಫಿನ್ಲೆಂಡಿನ ಸಾಂಪೊ ನಿಸ್ಕನೆನ್ ಅವರು ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಇದು ರೂಪುಗೊಂಡಿತು. ಮುಂದೆ ಸ್ವಯಂಸೇವಕರು ಬೆಳೆಸುತ್ತ ಬಂದಿದ್ದಾರೆ. ಜಾವಾದಲ್ಲಿ ಬರೆದಿರುವುದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಗಾಳಿಯ ಬಲಗಳು ಒಟ್ಟಾಗಿ ಕೆಲಸ ಮಾಡುವ ಬಿಂದುವನ್ನು, ಅಂದರೆ ಒತ್ತಡ ಕೇಂದ್ರವನ್ನು, ಕಂಡುಹಿಡಿಯಲು ಜೇಮ್ಸ್ ಬ್ಯಾರೊಮನ್ ಅವರು 1960ರ ದಶಕದಲ್ಲಿ ಕೊಟ್ಟ ಸಮೀಕರಣಗಳೇ ಇದರ ಬೆನ್ನೆಲುಬು. ರಾಕೆಟ್ ಗಾಳಿಗೆ ಹೆಚ್ಚು ಓರೆಯಾಗದೆ ಸಾಗುತ್ತಿದ್ದರೆ ಮಾತ್ರ ಆ ಸಮೀಕರಣಗಳು ಸರಿಯಾಗಿ ಹೊಂದುತ್ತವೆ. ಓರೆ ಹೆಚ್ಚಾದಾಗ ತಂತ್ರಾಂಶವೇ ಎಚ್ಚರಿಕೆಯನ್ನು ತೋರಿಸುತ್ತದೆ.

ವಿನ್ಯಾಸದ ಹಂತದಲ್ಲಿ ಇದರೊಂದಿಗೆ ಕೆಲಸ ಮಾಡುವುದು ನಿಜಕ್ಕೂ ಸಂತೋಷದ ಸಂಗತಿ. ನೋಸ್ ಕೋನ್ (ಮುಂತುದಿಯ ಮೂತಿ), ಕೊಳವೆ, ಫಿನ್ (ಬುಡದ ರೆಕ್ಕೆ), ಪ್ಯಾರಾಚೂಟ್ ಎಲ್ಲವನ್ನೂ ಒಂದೊಂದಾಗಿ ಸೇರಿಸುತ್ತ ಹೋದಂತೆ ಗುರುತ್ವ ಕೇಂದ್ರ ಮತ್ತು ಒತ್ತಡ ಕೇಂದ್ರಗಳ ಗುರುತುಗಳು ಚಿತ್ರದ ಮೇಲೆ ಸರಿದಾಡುತ್ತವೆ. ರಾಕೆಟ್ ನೆಟ್ಟಗೆ ಹಾರಲು ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ ಒಂದರಿಂದ ಎರಡು ಕ್ಯಾಲಿಬರ್, ಅಂದರೆ ಕೊಳವೆಯ ವ್ಯಾಸದ ಒಂದೆರಡು ಪಟ್ಟು, ಮುಂದಿರಬೇಕು ಎಂಬ ರೂಢಿಯ ನಿಯಮವನ್ನು ನಾನು ಎಷ್ಟೋ ಸಲ ಓದಿದ್ದೆ. ಫಿನ್ನಿನ ಅಗಲವನ್ನು ಒಂದು ಸೆಂಟಿಮೀಟರ್ ಕುಗ್ಗಿಸಿದೊಡನೆ ಆ ಅಂತರ ಕರಗುವುದನ್ನು ಕಣ್ಣಾರೆ ಕಂಡಾಗಲೇ ಅದು ಅರ್ಥವಾದದ್ದು. ಒಪ್ಪಿದ ಫಿನ್ನಿನ ಆಕಾರವನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಪ್ಲೈವುಡ್ಡಿನ ಮೇಲಿಟ್ಟು ಕತ್ತರಿಸಬಹುದು. ಮುದ್ರಣದಲ್ಲಿ ಅಳತೆ ಹಿಗ್ಗಿಲ್ಲ, ಕುಗ್ಗಿಲ್ಲ ಎಂಬುದನ್ನು ಮಾತ್ರ ಸ್ಕೇಲಿಟ್ಟು ನೋಡಿಕೊಳ್ಳಬೇಕು.

ತೊಡಕು ಶುರುವಾದದ್ದು ತೂಕದಲ್ಲಿ, ಮತ್ತು ತಪ್ಪು ಪೂರ್ತಿ ನನ್ನದೇ. ಪರದೆಯ ಮೇಲೆ ನನ್ನ ರಾಕೆಟ್ ಮೋಟರ್ ಇಲ್ಲದೆ 620 ಗ್ರಾಂ ತೂಗುತ್ತಿತ್ತು, ಸ್ಥಿರತೆ, ಅಂದರೆ ಆ ಎರಡು ಕೇಂದ್ರಗಳ ಅಂತರ, 1.8 ಕ್ಯಾಲಿಬರ್ ಇತ್ತು. ಕಟ್ಟಿ, ಬಣ್ಣ ಬಳಿದು ತಕ್ಕಡಿಯ ಮೇಲಿಟ್ಟಾಗ 742 ಗ್ರಾಂ ಬಂತು. ಎಪಾಕ್ಸಿ ಅಂಟು, ಪ್ರೈಮರ್, ಬಣ್ಣ, ಪ್ಯಾರಾಚೂಟಿನ ಹಗ್ಗ, ಮೋಟರನ್ನು ಹಿಡಿದಿಡುವ ಲೋಹದ ಬಳೆ, ಇವೆಲ್ಲ ಸೇರಿ 122 ಗ್ರಾಂ. ಅದರಲ್ಲಿ ಹೆಚ್ಚಿನದು ಹಿಂಭಾಗದಲ್ಲೇ ಕುಳಿತಿದ್ದರಿಂದ ಗುರುತ್ವ ಕೇಂದ್ರ ಹಿಂದಕ್ಕೆ ಜಾರಿ, ಸ್ಥಿರತೆ 1.2ಕ್ಕೆ ಇಳಿದಿತ್ತು. ಫಿನ್ನಿನ ಬುಡಕ್ಕೆ ಹಚ್ಚುವ ಅಂಟಿನ ಬಾಗಿದ ಪಟ್ಟಿಯ ತ್ರಿಜ್ಯವನ್ನೂ ಅದರ ವಸ್ತುವನ್ನೂ ನಮೂದಿಸಲು ತಂತ್ರಾಂಶದಲ್ಲಿ ಜಾಗವಿದೆ; ನಾನು ಅದನ್ನು ಖಾಲಿ ಬಿಟ್ಟಿದ್ದೆ. ಬಿತ್ತಿದ್ದನ್ನಷ್ಟೇ ಬೆಳೆಯುವ ಈ ಸಾಧನ, ನಾನು ಹೇಳದ ಅಂಟನ್ನು ತಾನಾಗಿ ಊಹಿಸುವುದಾದರೂ ಹೇಗೆ?

ಆಗ ನೆರವಿಗೆ ಬಂದದ್ದು 'ಓವರ್‌ರೈಡ್' ಎಂಬ ಸಣ್ಣ ಪುಟ. ಮೂರು ಆಯಾಮದ ಚಿತ್ರ, ಬಣ್ಣದ ವಿನ್ಯಾಸ ಇತ್ಯಾದಿಗಳ ಮುಂದೆ ಇದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೂ ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಇದಕ್ಕಿಂತ ಬೆಲೆಯುಳ್ಳ ಪುಟ ಇನ್ನೊಂದಿಲ್ಲ. ಯಾವುದೇ ಭಾಗದ, ಅಥವಾ ಇಡೀ ರಾಕೆಟ್ಟಿನ, ಲೆಕ್ಕದ ತೂಕವನ್ನೂ ಗುರುತ್ವ ಕೇಂದ್ರವನ್ನೂ ಬದಿಗಿರಿಸಿ, ನಾವು ಅಳೆದ ಸಂಖ್ಯೆಗಳನ್ನು ಅಲ್ಲಿ ಕೂರಿಸಬಹುದು. ರಾಕೆಟ್ಟನ್ನು ದಾರದ ಕುಣಿಕೆಯಲ್ಲಿ ತೂಗುಬಿಟ್ಟು, ಸಮತೋಲವಾಗಿ ನಿಂತ ಜಾಗವನ್ನು ಗುರುತು ಮಾಡಿ, ಆ ಅಳತೆಯನ್ನು ತುಂಬಿದ ಮೇಲಷ್ಟೇ ಪರದೆಯ ಮೇಲಿನ ರಾಕೆಟ್ಟೂ ಮೇಜಿನ ಮೇಲಿನ ರಾಕೆಟ್ಟೂ ಒಂದೇ ಆದವು.

ಆ ಹೊಸ ಲೆಕ್ಕ ನನ್ನ ಯೋಜನೆಯನ್ನೇ ಬದಲಿಸಿತು. ಮೊದಲ ಹಾರಾಟಕ್ಕೆ ಎಫ್ ವರ್ಗದ (ಅಕ್ಷರ ಮುಂದೆ ಹೋದಂತೆ ಮೋಟರಿನ ಒಟ್ಟು ಶಕ್ತಿ ಹೆಚ್ಚು), ಸರಾಸರಿ 40 ನ್ಯೂಟನ್ ನೂಕುಬಲದ ಮೋಟರನ್ನು ಆರಿಸಿಟ್ಟಿದ್ದೆ. ಮೋಟರಿನ 120 ಗ್ರಾಂ ಸೇರಿಸಿದಾಗ, ಹಳೆಯ ತೂಕಕ್ಕೆ ನೂಕುಬಲವು ಭಾರದ 5.5 ಪಟ್ಟು ಇದ್ದದ್ದು, ಹೊಸ ತೂಕಕ್ಕೆ 4.7 ಪಟ್ಟಿಗೆ ಕುಸಿಯಿತು. ಐದು ಪಟ್ಟಾದರೂ ಇರಬೇಕೆಂಬುದು ಹವ್ಯಾಸಿಗಳ ಸಾಮಾನ್ಯ ನಿಯಮ. ಹೊರಡುವಾಗ ರಾಕೆಟ್ಟನ್ನು ನೆಟ್ಟಗೆ ಹಿಡಿದಿಡುವ ಉಡಾವಣಾ ಕಂಬಿಯನ್ನು ಬಿಡುವಾಗಿನ ವೇಗವೂ ಸೆಕೆಂಡಿಗೆ 16 ಮೀಟರಿನಿಂದ 14.7ಕ್ಕೆ ಇಳಿಯಿತು. ಕಂಬಿಯಿಂದ ನಿಧಾನವಾಗಿ ಹೊರಟರೆ ಫಿನ್‌ಗಳಿಗೆ ಹಿಡಿತ ಸಿಗುವ ಮೊದಲೇ ಗಾಳಿ ರಾಕೆಟ್ಟನ್ನು ವಾಲಿಸಬಹುದು. ನೋಸ್ ಕೋನ್ ಒಳಗೆ 40 ಗ್ರಾಂ ಭಾರ ಕೂರಿಸಿ ಸ್ಥಿರತೆಯನ್ನು 1.6ಕ್ಕೆ ಏರಿಸಿದೆ, ಎಫ್ ಅನ್ನು ಪೆಟ್ಟಿಗೆಗೆ ಮರಳಿಸಿ 80 ನ್ಯೂಟನ್ನಿನ ಜಿ ಮೋಟರಿಗೆ ಹೋದೆ.

ಮೊದಲೇ ತುಂಬಿರುವ ಕೆಲವು ಮೌಲ್ಯಗಳನ್ನು ಹೊಸಬರು ಪರೀಕ್ಷಿಸದೆ ಬಿಡಬಾರದು. ಉಡಾವಣಾ ಕಂಬಿಯ ಉದ್ದ 1 ಮೀಟರ್ ಎಂದಿರುತ್ತದೆ, ನನ್ನದು 1.8 ಮೀಟರ್. ಪ್ಯಾರಾಚೂಟಿನ ಎಳೆತದ ಗುಣಾಂಕ, ಅಂದರೆ ಗಾಳಿಯನ್ನು ಅದು ಎಷ್ಟು ತಡೆಯುತ್ತದೆ ಎಂಬುದರ ಅಳತೆ, 0.8 ಎಂದಿರುತ್ತದೆ, ಅದರಂತೆ 90 ಸೆಂ.ಮೀ. ಪ್ಯಾರಾಚೂಟಿನಲ್ಲಿ ನನ್ನ ರಾಕೆಟ್ ಸೆಕೆಂಡಿಗೆ ಸುಮಾರು 5.2 ಮೀಟರ್ ವೇಗದಲ್ಲಿ ಇಳಿಯಬೇಕಿತ್ತು, ಹೆಚ್ಚುಕಡಿಮೆ ಹಾಗೆಯೇ ಇಳಿಯಿತು. ಮೇಲ್ಮೈಯ ಒರಟುತನದ ಆಯ್ಕೆ ಎತ್ತರದ ಮೇಲೆ ಎಷ್ಟು ಪರಿಣಾಮ ಬೀರುತ್ತದೆಂದು ನಾನು ಅಂದಾಜಿಸಿರಲಿಲ್ಲ. ನನ್ನ ಬಣ್ಣದ ಕೆಲಸದ ಮೇಲಿನ ಅಭಿಮಾನದಿಂದ 'ನಯವಾದ ಬಣ್ಣ' ಎಂದು ಆರಿಸಿದ್ದೆ. ಬೆರಳಾಡಿಸಿ ನೋಡಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ.

ಮೋಟರ್ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಸರಿಯಾದ ವಿಳಂಬ ಎಷ್ಟೆಂಬುದನ್ನು ಸಿಮ್ಯುಲೇಶನ್ನಿನ (ಲೆಕ್ಕದ ಹಾರಾಟದ) ಪಟ್ಟಿಯಲ್ಲೇ ಕೊಡುವುದು ಇನ್ನೊಂದು ದೊಡ್ಡ ಉಪಕಾರ. ನನಗೆ 8.3 ಸೆಕೆಂಡ್ ಎಂದು ತೋರಿಸಿತು. ಸಿಗುತ್ತಿದ್ದ 7 ಮತ್ತು 10ರಲ್ಲಿ 7ನ್ನು ಆರಿಸಿದೆ, ಏಕೆಂದರೆ ತಡವಾಗಿ, ಕೆಳಮುಖವಾಗಿ ವೇಗ ಹಿಡಿದ ಮೇಲೆ ಬಿಚ್ಚಿಕೊಳ್ಳುವುದಕ್ಕಿಂತ ತುಸು ಮುಂಚೆ ಬಿಚ್ಚಿಕೊಳ್ಳುವುದು ಮೇಲು.

ರಾಕೆಟ್ ಏರುವ ಎತ್ತರ 480 ಮೀಟರ್ ಎಂದು ತಂತ್ರಾಂಶ ಹೇಳಿತ್ತು. ಒಳಗಿಟ್ಟ ಎತ್ತರಮಾಪಕ 437 ಎಂದಿತು. ಮನೆಗೆ ಬಂದು ಮೇಲ್ಮೈಯ ಆಯ್ಕೆಯನ್ನು ಸಾಧಾರಣ ಬಣ್ಣಕ್ಕೆ ಬದಲಿಸಿ ಮತ್ತೆ ಲೆಕ್ಕ ಹಾಕಿಸಿದಾಗ 455 ಬಂತು. ಉಳಿದ 18 ಮೀಟರನ್ನು ಗಾಳಿಗೋ, ಮೋಟರಿಂದ ಮೋಟರಿಗೆ ಬರುವ ಸಣ್ಣ ವ್ಯತ್ಯಾಸಕ್ಕೋ ಬಿಟ್ಟುಕೊಡಲು ನನಗೆ ಬೇಸರವಿಲ್ಲ. ಪೆಟ್ಟಿಗೆಯಲ್ಲಿರುವ ಎಫ್ ಮೋಟರಿಗೆಂದು ಇನ್ನೂ ಹಗುರವಾದ ರಾಕೆಟ್ಟೊಂದರ ಕಡತವನ್ನು ಈಗಾಗಲೇ ತೆರೆದಿದ್ದೇನೆ. ಈ ಸಲ ಫಿನ್ ಬಿಡಿಸಿದ ಕೂಡಲೇ ಅಂಟಿನ ಪಟ್ಟಿಯ ತ್ರಿಜ್ಯವನ್ನೂ ತುಂಬಿಟ್ಟಿದ್ದೇನೆ.