ಎರಡು ಮಳೆಗಾಲ, 34,000 ಕಿ.ಮೀ.: ಮಲೆನಾಡಿನಲ್ಲಿ ನನ್ನ ಜಿಮ್ನಿ

2023ರ ಸೆಪ್ಟೆಂಬರಿನಲ್ಲಿ ಗಾಡಿ ಮನೆಗೆ ಬಂತು. ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿ, ಮ್ಯಾನುವಲ್ ಗೇರು. ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ. ಟಾರು ರಸ್ತೆ ಬಿಟ್ಟರೆ ಎರಡು ಕಿ.ಮೀ. ಮಣ್ಣು ದಾರಿ. ಜೂನ್ ಬಂತೆಂದರೆ ಅದರ ಮೇಲೇ ನೀರು ಹರಿಯುತ್ತದೆ.

ಕಳೆದ ಜುಲೈನ ಒಂದು ಸಂಜೆ ಹೇಳಿದರೆ ಈ ಗಾಡಿ ಏನು ಅಂತ ಗೊತ್ತಾಗುತ್ತದೆ. ದರೆ ಕುಸಿದು ಅರ್ಧ ದಾರಿ ಮಣ್ಣಾಗಿತ್ತು. ಪಕ್ಕದಿಂದ ದಾಟಿಸುವಾಗ ಎಡಗಡೆಯ ಮುಂದಿನ ಚಕ್ರ ಚರಂಡಿಗೆ ಜಾರಿತು, ಬಲಗಡೆಯ ಹಿಂದಿನ ಚಕ್ರ ಗಾಳಿಯಲ್ಲಿ ನಿಂತಿತು. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಚಿಕ್ಕ ಲಿವರನ್ನು 4ಎಲ್‌ಗೆ ಎಳೆದೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನವಾಗಿ, ಹೆಚ್ಚು ಬಲ ಕೊಡುವ ಗೇರು. ಮೊದಲನೇ ಗೇರಿನಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟೆ. ಗಾಳಿಯಲ್ಲಿದ್ದ ಚಕ್ರ ಎರಡು ಸುತ್ತು ಸುಮ್ನೆ ತಿರುಗಿತು. ಆಮೇಲೆ ಅದಕ್ಕೆ ತಾನಾಗಿ ಬ್ರೇಕ್ ಹಿಡಿದು ಕರಕರ ಸದ್ದಾಯಿತು. ನೆಲ ಮುಟ್ಟಿದ್ದ ಚಕ್ರಕ್ಕೆ ಶಕ್ತಿ ಹೋಗಿ ಗಾಡಿ ಮೇಲೆ ಬಂತು. ಅಪ್ಪ ಹಿಡಿಕೆ ಬಿಟ್ಟಿರಲೇ ಇಲ್ಲ. ಮೇಲೆ ಬಂದ ಮೇಲೆ, "ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡೋದು ಬೇಡ ಬಿಡು" ಅಂದರು.

ಇದರ ಗುಟ್ಟು ತೂಕದಲ್ಲಿದೆ. ಲ್ಯಾಡರ್ ಚಾಸಿಸ್ (ಏಣಿಯಂಥ ಉಕ್ಕಿನ ಚೌಕಟ್ಟು), ಹಿಂದೆ ಮುಂದೆ ಎರಡೂ ಕಡೆ ಎರಡು ಚಕ್ರ ಸೇರಿಸುವ ಒಂದೇ ಗಟ್ಟಿ ಆಕ್ಸಲ್, 210 ಮಿ.ಮೀ. ನೆಲದೆತ್ತರ. ಇಷ್ಟಿದ್ದೂ ತೂಕ ಸುಮಾರು 1,200 ಕೆಜಿ ಮಾತ್ರ. ಕೆಸರಿನಲ್ಲಿ ಭಾರದ ಗಾಡಿ ಹೂತುಹೋಗುವ ಜಾಗದಲ್ಲಿ ಇದು ತೇಲಿದ ಹಾಗೆ ಹೋಗುತ್ತದೆ. ಪೆಟ್ರೋಲ್ ಉಳಿಯುವುದೂ ಅದರಿಂದಲೇ.

ಮೈಲೇಜ್ ವಿಷಯ ಬಂದರೆ, ಪ್ರತಿ ಸಲ ಟ್ಯಾಂಕ್ ತುಂಬಿಸಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಬೆಂಗಳೂರಿಗೆ 80ರಲ್ಲಿ ಹೋದರೆ ಲೀಟರಿಗೆ 16 ಕಿ.ಮೀ. ತೋಟ, ಘಾಟಿ, ಸಂತೆ ಓಡಾಟದಲ್ಲಿ 12.5. ಒಟ್ಟು ಸರಾಸರಿ 14.2. ಕಂಪನಿ ಇಲ್ಲಿ ಹೇಳುವುದು 16.94. ಇದೇ ಗಾಡಿ ಗುರುಗ್ರಾಮದಿಂದ ಹಡಗಿನಲ್ಲಿ ಜಪಾನಿಗೆ ಹೋಗಿ 'ಜಿಮ್ನಿ ನೊಮೇಡ್' ಆಗುತ್ತದೆ. ಅಲ್ಲಿ ಮ್ಯಾನುವಲ್ ಗಾಡಿಗೆ ಬರೆದಿರುವುದು 14.9. ಎಂಜಿನ್ ಅದೇ 1.5 ಲೀಟರಿನದು, ಪರೀಕ್ಷೆ ಮಾಡುವ ರೀತಿ ಬೇರೆ. ನನ್ನ ಡೈರಿಗೆ ಹತ್ತಿರ ಇರುವುದು ಜಪಾನಿನ ಲೆಕ್ಕ. ಹೊರದೇಶದ ವಿಡಿಯೋ ನೋಡಿ ಮೈಲೇಜ್ ಹೋಲಿಸುವವರು ಇದನ್ನು ಗಮನಿಸಬೇಕು.

ನನ್ನ ಚಿಕ್ಕಪ್ಪನ ಮಗ ನಗೋಯಾದಲ್ಲಿದ್ದಾನೆ. ಅವನ ಹತ್ತಿರ ಇರುವುದು ಮೂರು ಬಾಗಿಲಿನ ಪುಟ್ಟ ಜಿಮ್ನಿ, 658 ಸಿಸಿ ಟರ್ಬೊ. ಜಪಾನಿನಲ್ಲಿ 'ಕೇ' ಅನ್ನುವ ಚಿಕ್ಕ ಕಾರುಗಳಿಗೆ ತೆರಿಗೆ ಕಡಿಮೆ. ಅದಕ್ಕೆ ಉದ್ದ 3.4 ಮೀಟರ್, ಎಂಜಿನ್ 660 ಸಿಸಿ ದಾಟಬಾರದು. 2025ರ ಜನವರಿ ಕೊನೆಗೆ ನೊಮೇಡ್ ಬಂದಾಗ ಅವನು ಫೋನ್ ಮಾಡಿದ: "ಅಣ್ಣ, ನಿನ್ನ ಗಾಡಿಗೆ ಇಲ್ಲಿ ಜನ ಮುಗಿಬಿದ್ದಿದ್ದಾರೆ." ನಾಲ್ಕೇ ದಿನದಲ್ಲಿ ಸುಮಾರು 50,000 ಬುಕಿಂಗ್ ಆಗಿ, ಕಂಪನಿ ಆರ್ಡರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಎಷ್ಟೋ ತಿಂಗಳು ಸಾವಿರ ಗಾಡಿ ಕೂಡ ಹೋಗಿಲ್ಲ. ಎಂಥ ಅಂತರ ಅಲ್ವಾ?

ಬೆಲೆಯೇ ಇದಕ್ಕೆ ದೊಡ್ಡ ಕಾರಣ ಅಂತ ನನಗನಿಸುತ್ತದೆ. 2023ರಲ್ಲಿ ಬಂದಾಗಲೇ ಎಕ್ಸ್ ಶೋರೂಂ 12.74 ಲಕ್ಷದಿಂದ ಶುರುವಾಗಿತ್ತು. ನಮ್ಮ ದೇಶದಲ್ಲಿ ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗಿದ್ದರೆ ಚಿಕ್ಕ ಕಾರಿನ ತೆರಿಗೆ. ಜಿಮ್ನಿ ಉದ್ದ 3,985 ಮಿ.ಮೀ., ಆದರೆ ಎಂಜಿನ್ 1,462 ಸಿಸಿ. ಅಲ್ಲಿಗೆ ರಿಯಾಯಿತಿ ಹೋಯಿತು. ಡೀಸೆಲ್‌ಗೆ ಮಿತಿ 1,500 ಸಿಸಿ ಆದ್ದರಿಂದ ಮಹೀಂದ್ರಾದ 1.5 ಲೀಟರ್ ಡೀಸೆಲ್ ಥಾರ್‌ಗೆ ಅದು ಸಿಕ್ಕಿತು. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯ ನಂತರವೂ ಚಿಕ್ಕವಕ್ಕೆ 18%, ಜಿಮ್ನಿಗೆ 40%. ಯುರೋಪಿನಲ್ಲಿ ಬೇರೆಯೇ ಕಥೆ. ಹೊಗೆಯ ನಿಯಮ ಬಿಗಿಯಾದ ಮೇಲೆ ಹಿಂದಿನ ಸೀಟು ತೆಗೆದು, ಎರಡೇ ಸೀಟಿನ ಸರಕು ಗಾಡಿಯಾಗಿ ಮಾರಿದರು.

ಕೊಳ್ಳುವವರು ತಿಳಿದಿರಬೇಕಾದದ್ದೂ ಇದೆ. ಡಿಕ್ಕಿ 208 ಲೀಟರ್, ನಾಲ್ಕು ಜನ ಕೂತರೆ ಎರಡು ಬ್ಯಾಗು ಅಷ್ಟೇ. ಗೊಬ್ಬರದ ಚೀಲ ಹೇರಲು ಹಿಂದಿನ ಸೀಟು ಮಡಚಬೇಕು. ಸ್ಟೀರಿಂಗ್ ತಾನಾಗಿ ಬೇಗ ನೇರಕ್ಕೆ ಬರುವುದಿಲ್ಲ, ತಿರುವಿನಲ್ಲಿ ಕೈಯಿಂದ ತಿರುಗಿಸಿ ತರಬೇಕು. ನಮ್ಮ ಕಡೆಯ ಒಂದು ಗ್ಯಾರೇಜಿನವರು ಅಲೈನ್‌ಮೆಂಟ್ ಮಾಡದೆ ಮಾಡಿದ್ದೇವೆ ಅಂದರು. ಮುಂದಿನ ಟೈರುಗಳು 22,000 ಕಿ.ಮೀ.ಗೇ ಒಳಬದಿ ಸವೆದವು. ಈಗ ನಾನೇ ನಿಂತು ನೋಡುತ್ತೇನೆ.

ಒಣ ಟಾರಿನ ಮೇಲೆ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಎಂದೂ ಓಡಿಸಬೇಡಿ. ಹಿಂದಿನ ಮುಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲ, ತಿರುವಿನಲ್ಲಿ ಗೇರು ಬಿಗಿಯಾಗಿ ಗಾಡಿ ಎಳೆಯುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು 4ಎಲ್ ಹಾಕಿ ಒಂದು ಏರು ಹತ್ತಿಸಿ ನೋಡಿ, ಕೆಳಗೆ ಬಗ್ಗಿ ಚಾಸಿಸ್‌ಗೆ ತುಕ್ಕು ಹಿಡಿದಿದೆಯಾ ನೋಡಿ, ಆಮೇಲೆ ಬೆಲೆ ಮಾತಾಡಿ.