ಎರಡು ವರ್ಷದ ಆನ್‌ಲೈನ್ ಎಂ.ಎ.ಗೆ ನನ್ನ ಮಾರ್ಕ್ಸು: 5ಕ್ಕೆ ಮೂರೂವರೆ

ಇಂಡಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎಜುಕೇಶನಲ್ ಟೆಕ್ನಾಲಜಿಯಲ್ಲಿ ಎಂ.ಎ. ಹೋದ ತಿಂಗಳು ಮುಗೀತು. ಯೂನಿವರ್ಸಿಟಿ ಹೆಸರು ಬೇಡ. "ನಾನೂ ಸೇರಲಾ ಅಕ್ಕಾ?" ಅಂತ ಕೇಳುವ ಟೀಚರುಗಳು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಬೈಗುಳ. ವಿಡಿಯೋ ಪಾಠಗಳು ಒಂದೊಂದೂ ಐವತ್ತು ನಿಮಿಷ. ಒಂದು ದಿನ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸೂತ್ರಗಳ ಪಾಠ, ಚಿತ್ರ-ಮಾತು ಸೇರಿಸಿ ಹೇಗೆ ಕಲಿಸಬೇಕು ಅನ್ನುವುದು. ಪರದೆ ಮೇಲೆ ಬರೆದದ್ದನ್ನೇ ಬಾಯಲ್ಲೂ ಓದಿದರೆ ಕಲಿಯುವವರ ತಲೆಗೆ ಭಾರ ಅನ್ನುವುದು ಅದರಲ್ಲೊಂದು. ಸರ್ ಅದನ್ನು ಸ್ಲೈಡ್ ನೋಡಿಕೊಂಡು ಅಕ್ಷರ ಬಿಡದೆ ಓದಿದರು! ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದವಳು ಒಬ್ಬಳೇ ನಕ್ಕೆ. ಪೋರ್ಟಲ್ ಕಥೆ ಬೇರೆ. ಅಸೈನ್‌ಮೆಂಟಿನ ಕೊನೇ ರಾತ್ರಿ ಚಕ್ರ ತಿರುಗುತ್ತಲೇ ಇತ್ತು. ಸಹಾಯವಾಣಿಯಿಂದ ಉತ್ತರ ಬಂದದ್ದು ಮೂರು ದಿನ ಬಿಟ್ಟು.

ಆದರೆ ಎರಡನೇ ವರ್ಷದ ಪ್ರಾಜೆಕ್ಟಿಗೆ ಕೊಟ್ಟ ದುಡ್ಡು ದಂಡ ಆಗಲಿಲ್ಲ. ಹತ್ತನೇ ತರಗತಿಯ ಪೀನ ಮಸೂರಕ್ಕೆ ಅನಿಮೇಷನ್, ಹಿಂದೆ ಕೊಳಲು, ಎಲ್ಲಾ ಹಾಕಿ ಹನ್ನೆರಡು ನಿಮಿಷದ ವಿಡಿಯೋ ಮಾಡಿದ್ದೆ. ಗೈಡ್ ಮೇಡಂ ಕೇಳಿದ್ದು ಒಂದೇ: "ಮಕ್ಕಳು ಎಲ್ಲಿ ಎಡವುತ್ತಾರೆ, ಮೊದಲು ಕೇಳಿದಿರಾ?" ಕೇಳಿರಲಿಲ್ಲ. ಮರುದಿನ ಕೇಳಿದೆ. ಮಸೂರದ ಅರ್ಧ ಭಾಗ ಮುಚ್ಚಿದರೆ ಬಿಂಬವೂ ಅರ್ಧ ಆಗುತ್ತದೆ ಅಂತ ಹೆಚ್ಚಿನವರು ಬರೆದರು. ಹಳೇ ವಿಡಿಯೋ ಅಳಿಸಿದೆ. ಒಂದು ಮೇಣದಬತ್ತಿ, ಒಂದು ಭೂತಗನ್ನಡಿ, ಮದುವೆ ಕಾರ್ಡಿನ ರಟ್ಟು, ಅಷ್ಟೇ. ರಟ್ಟು ಅಡ್ಡ ಹಿಡಿಯುವ ಮುಂಚೆ ವಿಡಿಯೋ ನಿಲ್ಲಿಸಿ ಊಹಿಸಲು ಬಿಟ್ಟೆ. ಆಮೇಲೆ ಗೋಡೆ ಮೇಲೆ ಜ್ವಾಲೆ ಇಡಿಯಾಗಿಯೇ ಉಳೀತು, ಬೆಳಕು ಮಾತ್ರ ಮಂಕಾಯಿತು. ಹಿಂದಿನ ಬೆಂಚಿನವರು "ಟೀಚರ್, ಇನ್ನೊಮ್ಮೆ" ಅಂದರು. ನಾಲ್ಕು ನಿಮಿಷದ ವಿಡಿಯೋ ಅದು, ಕೊಳಲು ಇಲ್ಲ.

ಇನ್ನೊಂದು ಇಷ್ಟವಾದದ್ದು ಸೈಟ್ (SITE) ಪ್ರಯೋಗದ ಪಾಠ, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿಯಲ್ಲಿ ಕಲಿಸಿದ ಪ್ರಯೋಗ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಮುಟ್ಟಿಸಿದ್ದರು. ಪಟ್ಟಿಯಲ್ಲಿ ಆಗಿನ ಬಿಜಾಪುರ ಜಿಲ್ಲೆ! ಅಪ್ಪನಿಗೆ ಫೋನ್ ಹಚ್ಚಿದೆ. "ಹೌದವ್ವಾ, ನಮ್ಮ ಸಾಲ್ಯಾಗ ಇತ್ತಲ್ಲ. ಮ್ಯಾಲ ಕೋಳಿ ಜಾಳಗಿ ಬಡದ ದೊಡ್ಡ ಛತ್ರಿ. ಒಂದ್ ವರ್ಷ ಆತು, ಟೀವಿ ಸುಮ್ಮನಾತು." ಅಷ್ಟು ಹೊತ್ತಿಗೆ ಉಪಗ್ರಹ ವಾಪಸ್ ಹೋಗಿತ್ತು. ನಮ್ಮ ಶಾಲೆಯ ಸ್ಮಾರ್ಟ್ ಟೀವಿಗೂ ಈಗ ಟೇಬಲ್ ಕ್ಲಾತ್ ಹೊದಿಸಿದೆ, ರಿಮೋಟ್ ಕಳೆದಿದೆ.

ಕೈಯಲ್ಲಿ ಒಂದು ತರಗತಿ ಇದ್ದರೆ ಸೇರಿ. ಕಲಿತದ್ದನ್ನು ಮರುದಿನವೇ ಮಕ್ಕಳ ಮುಂದೆ ಇಟ್ಟು ನೋಡಲು ಆಗದಿದ್ದರೆ ಸುಮ್ನೆ ಹಣ ಹಾಕಬೇಡಿ. ಬಡ್ತಿಗೆ ಅಂತ ಸೇರುವವರು ಮೊದಲು ಬಿಇಒ ಆಫೀಸಿನಲ್ಲಿ ವಿಚಾರಿಸಿ, ಯುಜಿಸಿಯ ಆನ್‌ಲೈನ್ ಕೋರ್ಸುಗಳ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಇನ್ನೂ ಡೌಟಿದ್ದರೆ ಕೇಂದ್ರ ಸರ್ಕಾರದ 'ಸ್ವಯಂ' (SWAYAM) ಆನ್‌ಲೈನ್ ಕಲಿಕೆ ಪೋರ್ಟಲಿನಲ್ಲಿ ಇಂಥದ್ದೇ ಒಂದು ಕೋರ್ಸ್ ತಗೊಂಡು ನೋಡಿ. ಕಲಿಯೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕೆಂದರೆ ಪರೀಕ್ಷೆ ಫೀ ಕಟ್ಟಬೇಕು.